ಬಿಟ್ಟುಕೊಟ್ಟ ಗುಡ್ಡ

"ಎತ್ತಪ್ಪ, ಆ ಗುಡ್ಡ ಒಂದು ಬಿಟ್ಟುಬಿಡಪ್ಪ. ಬ್ಯಾರೆ ಏನಾದ್ರೂ ಕೊಡು ಅವರಿಗೆ..."

ಮುದ್ದಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊರಗೆ ಶಾಸಕರ ಕಾರು ಕಾಯುತ್ತಿತ್ತು. ಆ ಶಾಸಕ ಬೇರೆ ಯಾರೂ ಅಲ್ಲ, ಅವಳೇ ಸಾಕಿದ ಮೈದುನ. ಎತ್ತಪ್ಪ ಅವಳ ಮುಖ ನೋಡದೆ, "ದಾರಿ ಬಿಡು ಅತ್ತಿಗೆಮ್ಮ, ಮೇಲಿನೋರಿಗೆ ಮಾತು ಕೊಟ್ಟೀನಿ" ಎಂದ. ಅವಳು ಸರಿದು ನಿಂತಳು.

ಅಣ್ಣ ಸತ್ತಾಗ ಎತ್ತಪ್ಪ ಇನ್ನೂ ಶಾಲೆಯ ಹುಡುಗ. ಮಕ್ಕಳಿಲ್ಲದ ಮುದ್ದಕ್ಕ ತವರಿಗೆ ಹೋಗಲಿಲ್ಲ. ಮತ್ತೋಡು ಊರಿನ ಆಚೆಯ ಆ ಕಲ್ಲುಗುಡ್ಡದಲ್ಲಿ ಬಿಸಿಲು ಚಳಿ ಎನ್ನದೆ ಕುರಿ ಮೇಯಿಸಿ, ಮೈದುನನಿಗೆ ಚಿತ್ರದುರ್ಗದಲ್ಲಿ ಕಾನೂನು ಓದಿಸಿದಳು. ಹೊಸದುರ್ಗದ ಕೋರ್ಟಿನಲ್ಲಿ ಅವನು ಗೆದ್ದ ಮೊದಲ ದೊಡ್ಡ ಕೇಸೂ ಆ ಗುಡ್ಡದ್ದೇ. ಒತ್ತುವರಿ ಮಾಡಿದ್ದ ಸಾಹುಕಾರನ ಬೇಲಿ ಕೀಳಿಸಿ, ಗುಡ್ಡವನ್ನು ಊರ ಕುರಿಗಳಿಗೆ ಬಿಡಿಸಿಕೊಟ್ಟಿದ್ದ. ಅಂದು ಕುರಿಗಾರರು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಮುಂದೆ ಓಟು ಹಾಕಿ ವಿಧಾನಸೌಧಕ್ಕೂ ಕಳಿಸಿದರು.

ಈಗ ಅದೇ ಗುಡ್ಡವನ್ನು ಗಾಳಿಯಂತ್ರದ ಕಂಪನಿಯೊಂದು ಕೇಳಿತ್ತು. ಕೊಡಿಸಿದರೆ ಮಂತ್ರಿಗಿರಿ ಎಂದು ಪಕ್ಷದ ಹಿರಿಯರು ಆಸೆ ತೋರಿಸಿದ್ದರು. ಎತ್ತಪ್ಪ ಊರ ಸಭೆಯಲ್ಲಿ ಕೋರ್ಟಿನಲ್ಲಿ ವಾದಿಸಿದಂತೆಯೇ ವಾದಿಸಿ ಎಲ್ಲರ ಬಾಯಿ ಮುಚ್ಚಿಸಿದ. ಗುಡ್ಡಕ್ಕೆ ಬೇಲಿ ಬಿತ್ತು. ಮೇವಿಲ್ಲದೆ ಊರವರ ಹಾಗೆ ಮುದ್ದಕ್ಕನೂ ಕುರಿಗಳನ್ನೆಲ್ಲ ಮಾರಿದಳು. ಕುರಿ ತುಂಬಿದ ಲಾರಿ ಹೊರಟಾಗ ಅವಳು ಆಚೆ ಬರಲೇ ಇಲ್ಲ.

ಮಂತ್ರಿಗಿರಿ ಬೇರೆಯವರ ಪಾಲಾಯಿತು. ಮುಂದಿನ ಚುನಾವಣೆಯಲ್ಲಿ ಕುರಿಗಾರರ ಹಟ್ಟಿಗಳೆಲ್ಲ ಅವನಿಗೆ ಬೆನ್ನು ತಿರುಗಿಸಿದವು. ಸೋತ ಮೇಲೆ ಅವನು ಒಬ್ಬನೇ ಊರಿಗೆ ಬಂದ. ಮುದ್ದಕ್ಕ ಏನೂ ಕೇಳದೆ ಮುದ್ದೆ ಬಡಿಸಿದಳು. ಹಿತ್ತಲಿನ ಕುರಿರೊಪ್ಪದಲ್ಲಿ ಸದ್ದೇ ಇರಲಿಲ್ಲ. ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ಅತ್ತಿಗೆಮ್ಮ, ಮತ್ತೆ ಕರಿಕೋಟು ಹಾಕ್ತೀನಿ. ನಾನೇ ಕೇಸು ನಡೆಸಿ ಗುಡ್ಡ ಬಿಡಿಸ್ತೀನಿ."

"ಯಾರಿಗಪ್ಪ? ಊರಾಗೆ ಕುರಿ ಎಲ್ಲಿ ಅವೆ?"

ಅವನ ಕಣ್ಣು ತುಂಬಿ ಬಂತು. "ಅವತ್ತು ನೀನಾದ್ರೂ ದಾರಿ ಬಿಡಬಾರ್ದಿತ್ತು... ಕೋರ್ಟಿಗೆ ಹೋಗ್ಬೇಕಿತ್ತು..."

"ಮ್ಯಾಗಳಹಟ್ಟಿ ಕುರಿಗಾರ ಪಾಲಣ್ಣ ಬಂದು ಕರೆದಿದ್ದ. 'ನಿನ್ನ ಹೆಸರಲ್ಲೇ ಕೇಸು ಹಾಕಾಣ, ಬೇಲಿಗೆ ತಡೆ ಸಿಗ್ತೈತೆ' ಅಂದ. ಮನೆ ಮಗನ ಮಾನ ಬೀದಿಗೆ ಬೀಳ್ತೈತೆ ಅಂತ ನಾನೇ ಬ್ಯಾಡಂದೆ." ಮುದ್ದಕ್ಕ ಖಾಲಿ ರೊಪ್ಪದ ಕಡೆ ನೋಡಿದಳು. "ತಪ್ಪು ಮಾಡಿದೆ ಕಣಪ್ಪ. ಹೋಗ್ಬೇಕಿತ್ತು."

ಎಷ್ಟೋ ಕೋರ್ಟುಗಳಲ್ಲಿ ವಾದಿಸಿದ್ದ ಎತ್ತಪ್ಪ ತಲೆ ತಗ್ಗಿಸಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ತಟ್ಟೆಗೆ ಸಾರು ಬಿಟ್ಟಳು.

"ಉಣ್ಣು, ಆರೋಗ್ತೈತೆ."