ಎರಡನೇ ಪುಸ್ತಕದಲ್ಲಿ ಸತ್ತವನು

ಬೊಜೊಯ್‌ನ ಪಾತ್ರ ಮಾಡಬೇಕಿದ್ದ ನಟ ಬಿಷ್ಕೆಕ್‌ನಲ್ಲಿ ಜ್ವರ ಬಂದು ಮಲಗಿದ್ದ. ಅವನಿಲ್ಲದೆ ಸ್ಕ್ರಿಪ್ಟ್ ಓದುವುದು ಹೇಗೆಂದು ಎಲ್ಲರೂ ಮುಖಮುಖ ನೋಡಿಕೊಳ್ಳುತ್ತಿದ್ದಾಗ ತಂಡದವರೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ನಿರ್ದೇಶಕಿ ರೌಶನ್ ಕಿಟಕಿಯಿಂದ ಬಗ್ಗಿ, ಹೊರಗೆ ಶೂಟಿಂಗಿನ ಕುದುರೆಗಳಿಗೆ ನೀರು ಕುಡಿಸುತ್ತಿದ್ದವನನ್ನು ಒಳಗೆ ಕರೆದರು. ಬೊಜೊಯ್ ಹೇಗೂ ಕುದುರೆಕಳ್ಳ, ಕುದುರೆ ಗೊತ್ತಿರುವವನೇ ಓದಲಿ ಎಂದರು.

ಬುರುಲ್ ತಲೆ ಎತ್ತಲಿಲ್ಲ. ಅವಳು ಬರೆದ 'ನೀರಡಿಯ ಪಟ್ಟಣ'ದ ನಾಲ್ಕು ಕಾದಂಬರಿಗಳು ಓಟಿಟಿಯಲ್ಲಿ ಸೀರೀಸ್ ಆಗುತ್ತಿದ್ದವು. ಸರೋವರದ ತಳದಲ್ಲಿ ಮುಳುಗಿರುವ ಊರು, ಅದನ್ನಾಳುವ ರಾಣಿ, ಮೋಡಗಳನ್ನು ಮೇಯಿಸುವ ಮಾಂತ್ರಿಕರು, ಇಷ್ಟನ್ನೂ ಎಂಟು ಎಪಿಸೋಡಿಗೆ ಇಳಿಸಬೇಕಿತ್ತು. ಇಳಿಸುತ್ತಾ ಇಳಿಸುತ್ತಾ ಅವಳು ಎರಡು ಯುದ್ಧಗಳನ್ನು ಬಿಟ್ಟುಕೊಟ್ಟಿದ್ದಳು. ರಾಣಿಯ ತಂಗಿಯನ್ನೂ ಬಿಟ್ಟುಕೊಟ್ಟಿದ್ದಳು. ಬೊಜೊಯ್‌ನನ್ನು ಮಾತ್ರ ಬಿಟ್ಟಿರಲಿಲ್ಲ. ಬಾಯಿಬಡುಕ, ಕಥೆಗೆ ಬೇಕಾದವನಲ್ಲ, ಎರಡನೇ ಪುಸ್ತಕದಲ್ಲೇ ಸತ್ತುಹೋಗುವವನು, ಅವನನ್ನೇಕೆ ಇಟ್ಟುಕೊಳ್ಳಬೇಕೆಂದು ಕಂಪನಿಯವರು ಕೇಳುತ್ತಲೇ ಇದ್ದರು. ಇವತ್ತಿನ ಓದು ಕೇಳಿ ಕೊನೆಯ ತೀರ್ಮಾನ ಹೇಳುತ್ತೇವೆ ಎಂದಿದ್ದರು. ಅದಕ್ಕಾಗಿ ಅಲ್ಮಾಟಿಯಿಂದ ಅವರ ಪ್ರತಿನಿಧಿಯೊಬ್ಬ ಲ್ಯಾಪ್‌ಟಾಪಿನ ತೆರೆಯ ಮೇಲೆ ಕಾದು ಕುಳಿತಿದ್ದ.

ಒಳಗೆ ಬಂದವನು ಬೂಟಿನ ಮಣ್ಣನ್ನು ಬಾಗಿಲಲ್ಲೇ ಕೊಡವಿ, ಕಾಗದ ತೆಗೆದುಕೊಂಡು ಓದತೊಡಗಿದ.

"ಕದ್ದಿಲ್ಲ ಅಜ್ಜಾ. ನಿನ್ನ ಕುದುರೆಗೆ ಬೇಜಾರಾಗಿತ್ತು. ಸ್ವಲ್ಪ ಊರು ತೋರಿಸ್ಕೊಂಡು ಬಂದೆ."

ಬುರುಲ್‌ಳ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. ದನಿ ಸ್ವಲ್ಪ ಒಡೆದಿತ್ತು, ಆದರೆ ಅದೇ ದನಿ. ಓದುವವನೂ ನಿಲ್ಲಿಸಿದ್ದ. ಕಾಗದದಿಂದ ಅವನ ಕಣ್ಣು ಮೆಲ್ಲಗೆ ಮೇಜಿನುದ್ದಕ್ಕೂ ಹರಿದು, ಅವಳ ಮೇಲೆ ಬಂದು ಕೂತಿತು. ಎರ್ಮೆಕ್. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು, ಉಳಿದದ್ದೆಲ್ಲ ಹಾಗೇ. ತುಟಿಯ ಒಂದೇ ಮೂಲೆಯಲ್ಲಿ ಹುಟ್ಟುವ ಆ ನಗು ಕೂಡ.

"ಇದಾದ್ಮೇಲೆ ಇನ್ನೊಂದು ಮಾತಿತ್ತಲ್ಲ," ಎಂದ. "ಅದೆಲ್ಲಿ?"

ರೌಶನ್ ಎಜೆ ಹಾಳೆ ತಿರುವಿ ನೋಡಿ, ಇಲ್ಲಿ ಬೇರೆ ಮಾತೇ ಇಲ್ಲ ಎಂದರು. ಇದ್ದರೆ ನೀನೇ ಹೇಳು ಎಂದು ಸವಾಲು ಹಾಕಿದರು.

ಅವನು ಕಾಗದ ಕೆಳಗಿಟ್ಟ. "ಬೈಯೋದಾದ್ರೆ ನನಗೆ ಬೈಯಿ ಅಜ್ಜಾ, ಕುದುರೆಗೆ ಬೈಬೇಡ. ಅದು ಇವತ್ತು ಇವಳನ್ನ ಹೊತ್ಕೊಂಡು ಬಂದಿದೆ."

ಎಲ್ಲರೂ ನಕ್ಕರು. ರೌಶನ್ ಎಜೆ ಆ ಮಾತನ್ನು ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದುಕೊಂಡರು. ತೆರೆಯ ಮೇಲಿದ್ದವನು ಗಂಟಲು ಸರಿಮಾಡಿಕೊಂಡು, ಈ ಕಳ್ಳ ಇರಲಿ ಎಂದ. ಅಷ್ಟು ದಿನ ಜಗಳವಾಡಿ ಗೆಲ್ಲಲಾಗದ್ದನ್ನು ಗೆದ್ದ ಬುರುಲ್‌ಗೆ ಮಾತ್ರ ತನ್ನ ಕೆಂಪಾದ ಕಿವಿಗಳನ್ನು ಎಲ್ಲಿ ಬಚ್ಚಿಡುವುದೆಂಬ ಚಿಂತೆ.

ಶಾಲೆಯ ಕೊನೆಯ ವರ್ಷ, ಪರೀಕ್ಷೆಯ ದಿನ, ಕರಕೋಲ್‌ಗೆ ಹೋಗುವ ಬಸ್ಸು ಕೆಟ್ಟು ನಿಂತಿತ್ತು. ರಸ್ತೆಯ ಬದಿಯಲ್ಲಿ ಅಳುತ್ತಾ ನಿಂತವಳನ್ನು ಎರ್ಮೆಕ್ ಪಕ್ಕದ ಮನೆ ಮುದುಕನ ಕುದುರೆಯ ಮೇಲೆ ಕೂರಿಸಿಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಮಾತು. ಸಂಜೆ ವಾಪಸು ಬಂದಾಗ ಮುದುಕ ಚಾವಟಿ ಹಿಡಿದು ಕಾದಿದ್ದ. ಆಗ ಆಡಿದ ಮಾತುಗಳು ಅವು. ಆಮೇಲೆ ಅವಳು ಓದಲು ಬಿಷ್ಕೆಕ್‌ಗೆ ಹೋದಳು, ಅವನು ಕಟ್ಟಡದ ಕೆಲಸಕ್ಕೆ ಮಾಸ್ಕೋಗೆ ಹೋದ. ಇಬ್ಬರೂ ಏನನ್ನೂ ಹೇಳಿಕೊಳ್ಳಲಿಲ್ಲ.

ಸಂಜೆ ಅವಳು ಸರೋವರದ ದಡಕ್ಕೆ ಹೋದಾಗ ಅವನು ಮೊದಲೇ ಅಲ್ಲಿದ್ದ. ಗಾಳಿ ಎದ್ದಿತ್ತು. ಮುಳ್ಳುಪೊದೆಗಳ ತುಂಬ ಕಿತ್ತಳೆ ಬಣ್ಣದ ಹಣ್ಣುಗಳು.

"ಎಷ್ಟು ವರ್ಷದಿಂದ ನನ್ನ ಮಾತು ಮಾರ್ಕೊಂಡು ತಿಂತಿದ್ದೀಯ?"

"ಓದಿದ್ದೀಯಾ?"

ಓದಿದ್ದ. ಮಾಸ್ಕೋದಲ್ಲಿ ಕೂಲಿಯವರ ಹಾಸ್ಟೆಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಎರಡನೇ ಪುಸ್ತಕ ಮಾತ್ರ. ಕುದುರೆಯ ಪ್ರಸಂಗವಿದ್ದ ಮೊದಲನೆಯದು ಅವನ ಕೈಗೆ ಸಿಕ್ಕಿರಲೇ ಇಲ್ಲ.

"ಅವನು ದೋಣಿಯಲ್ಲಿ ತನ್ನ ಜಾಗ ಬಿಟ್ಕೊಟ್ಟು ಮುಳುಗಿದಾಗ ನನಗೆ ಅಳು ಬಂತು," ಎಂದ. "ಜೊತೆಗೆ ಹೊಟ್ಟೆಯುರಿ. ಇಷ್ಟು ಪ್ರೀತಿಯಿಂದ ಬರ್ದಿದ್ದಾಳೆ ಅಂದ್ರೆ ಯಾರೋ ಇದ್ದಾನೆ ಅನ್ಕೊಂಡೆ. ಅದಕ್ಕೇ ಫೋನ್ ಮಾಡ್ಲಿಲ್ಲ."

"ಇದ್ದ. ದೊಡ್ಡ ಬಾಯಿಬಡುಕ."

ಅವಳು ಹಣ್ಣೊಂದನ್ನು ಕಿತ್ತು, ತಿನ್ನದೆ ಬೆರಳಲ್ಲಿ ಉರುಳಿಸಿದಳು.

"ಆ ಇನ್ನೊಂದು ಮಾತು ಯಾಕೆ ಬರೀಲಿಲ್ಲ?"

"ಅದು ಓದೋರಿಗಲ್ಲ. ಅದು ನಂದು."

"ಮತ್ತೆ ಸಾಯಿಸಿದ್ಯಾಕೆ?"

ಅವಳು ಹಣ್ಣನ್ನು ನೀರಿಗೆ ಎಸೆದಳು. ನಿಮ್ಮನೇಲಿ ಮದುವೆ ಅಂತ ಅಮ್ಮನಿಗೆ ಬಜಾರಿನಲ್ಲಿ ಯಾರೋ ಹೇಳಿದ್ದರು ಎಂದಳು ಕೊನೆಗೆ. ಎರಡನೇ ಪುಸ್ತಕ ಬರೆಯುತ್ತಿದ್ದ ವರ್ಷ.

"ಆಗಿದ್ದು ನನ್ನ ತಮ್ಮನ ಮದುವೆ."

ಅಲೆಯೊಂದು ಬಂದು ಹೋಯಿತು.

"ತಮ್ಮನ ಮದುವೆಗೆ ನನ್ನನ್ನ ಮುಳುಗಿಸಿದ್ಯಾ?"

ಅವಳಿಗೆ ನಗು ಬಂತು. ತಡೆದಷ್ಟೂ ಉಕ್ಕಿತು. ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೆ ಕೂತೇಬಿಟ್ಟಳು. ನಗು ನಿಲ್ಲುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು, ಅದು ನಗುವಿನಿಂದ ಮಾತ್ರವಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಎಷ್ಟೊಂದು ವರ್ಷ. ಅವನು ಕೈ ಚಾಚಿ ಎಬ್ಬಿಸಿದ, ಕುದುರೆಗಳಿಗೆ ಮೇವು ಹಾಕಬೇಕು ಎಂದು ಗೊಣಗಿ ಹೊರಟುಹೋದ.

ಆಮೇಲಿನ ವಾರಗಳಲ್ಲಿ ಶೂಟಿಂಗಿನ ಗದ್ದಲದ ನಡುವೆ ಅವರಿಗೆ ಮಾತಿಗಿಂತ ನೋಟವೇ ಹೆಚ್ಚು ಸಿಕ್ಕಿತು. ಅವಳು ಕ್ಯಾಮೆರಾದ ಹಿಂದೆ, ಅವನು ರಾಣಿಯ ಸೈನ್ಯದ ಕುದುರೆಗಳ ಮಧ್ಯೆ. ಅವಳು ನೋಡಿದಾಗ ಅವನು ಜೀನು ಬಿಗಿಯುತ್ತಿರುತ್ತಿದ್ದ, ಅವಳು ಕಣ್ಣು ತೆಗೆದ ಮೇಲೆ ಆ ಜೀನನ್ನೇ ಮತ್ತೆ ಸಡಿಲಿಸಿ ಬಿಗಿಯುತ್ತಿದ್ದ. ಬೆಳಿಗ್ಗೆ ಅವಳ ಕುರ್ಚಿಯ ಮೇಲೆ ಬಿಸಿ ಕತ್ತಾಮಾ ರೊಟ್ಟಿಯ ಪೊಟ್ಟಣ ಇರುತ್ತಿತ್ತು. ಯಾರು ಇಟ್ಟರೆಂದು ಅವಳು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ.

ಬೊಜೊಯ್ ಸಾಯುವ ದಿನ ಬಂತು. ನಟ ಗುಣವಾಗಿ ಬಂದು ನೀರಿಗಿಳಿಯಲು ತಯಾರಾಗುತ್ತಿದ್ದ. ಬುರುಲ್ ಎರಡು ಹಾಳೆಗಳನ್ನು ತಂದು ಮೊದಲು ಎರ್ಮೆಕ್‌ಗೆ ಕೊಟ್ಟಳು. ಹೊಸ ಸೀನು. ಇದರಲ್ಲಿ ಬೊಜೊಯ್ ಈಜಿ ದಡ ಸೇರುತ್ತಾನೆ. ರೌಶನ್ ಎಜೆಯನ್ನು ಹೇಗಾದರೂ ಒಪ್ಪಿಸುತ್ತೇನೆ ಎಂದಳು.

ಅವನು ನಿಧಾನವಾಗಿ ಓದಿ, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡ.

"ಚೆನ್ನಾಗಿದೆ. ಇದು ನನಗಿರಲಿ. ಅವನು ಸಾಯ್ಲಿ."

"ನಿನಗೋಸ್ಕರ ಬರೆದದ್ದು ಕಣೋ."

"ಗೊತ್ತು. ಆದ್ರೆ ಮಾಸ್ಕೋದಲ್ಲಿ ನಮ್ಮ ರೂಮಲ್ಲಿದ್ದೋರೆಲ್ಲ ಆ ಪುಟ ಓದಿ ಅತ್ತಿದ್ರು ಬುರುಲ್. ಮನೆ ಬಿಟ್ಟು ಬಂದ ಗಂಡಸರು, ಅಳೋಕೆ ಒಂದು ನೆಪ ಬೇಕಾಗಿತ್ತು. ನೀನು ಕೊಟ್ಟೆ. ಈಗ ಕಿತ್ಕೋಬೇಡ." ಅವನು ನೀರಿನ ಕಡೆ ನೋಡಿದ, ಆಮೇಲೆ ಅವಳ ಕಡೆ. "ಅವನು ಹೋಗ್ಲಿ. ನಾನಿದ್ದೀನಲ್ಲ."

ಅಷ್ಟರಲ್ಲಿ ಎಲ್ಲರೂ ಸುಮ್ಮನಿರಬೇಕೆಂಬ ಕೂಗು ಬಂತು. ಕ್ಯಾಮೆರಾ ಓಡತೊಡಗಿತು. ಬೊಜೊಯ್ ದೋಣಿಯಿಂದ ಇಳಿದ. ನೀರು ಅವನ ಎದೆಗೆ ಬಂತು, ಕೊರಳಿಗೆ ಬಂತು. ಒಂದಿಡೀ ಪುಸ್ತಕಮಾಲೆ ಬರೆದವಳಿಗೆ ಆ ಕ್ಷಣದಲ್ಲಿ ಒಂದೇ ಒಂದು ವಾಕ್ಯ ಹೊಳೆಯಿತು, ಅದನ್ನು ಇನ್ನೊಂದು ನಿಮಿಷವೂ ಇಟ್ಟುಕೊಳ್ಳಲಾಗಲಿಲ್ಲ.

"ಎರ್ಮೆಕ್, ನನಗೆ ನೀನೇ. ಆವತ್ತಿಂದ ಇನ್ಯಾರೂ ಇಲ್ಲ."

ಪಿಸುಮಾತೇ, ಆದರೆ ಮೈಕಿನ ಪಕ್ಕದಲ್ಲೇ ನಿಂತಿದ್ದಳು. ಸೌಂಡಿನವನು ಕಿವಿಯ ಹೆಡ್‌ಫೋನ್ ತೆಗೆದು ಕೈ ಎತ್ತಿದ. ಶಾಟ್ ನಿಂತಿತು.

"ನನ್ನ ಸಾವಿನ ಸೀನಲ್ಲಿ ಪ್ರೀತಿ ಮಾಡ್ತಾ ಇರೋರು ಯಾರು?" ರೌಶನ್ ಎಜೆ ತಿರುಗದೆಯೇ ಕೇಳಿದರು.

ಬುರುಲ್ ಕೈ ಎತ್ತಿದಳು. ಸ್ವಲ್ಪ ತಡೆದು, ಎರ್ಮೆಕ್ ಕೂಡ ಎತ್ತಿದ.

ಕೊರಳವರೆಗೆ ನೀರಿನಲ್ಲಿ ನಿಂತಿದ್ದ ಬೊಜೊಯ್ ನಡುಗುತ್ತಾ, "ಅವರು ಒಪ್ಪಿದ್ರಾ ಇಲ್ವಾ, ಬೇಗ ಹೇಳಿ," ಎಂದ. "ಇಲ್ಲಿ ನನ್ನ ಕಾಲು ಮರಗಟ್ಟಿದೆ."

"ಯಾವತ್ತೋ ಒಪ್ಪಿದ್ದೀನಿ," ಎಂದ ಎರ್ಮೆಕ್. "ಇವಳು ಕೇಳೋದೇ ತಡ ಆಯ್ತು."

ದಡದುದ್ದಕ್ಕೂ ನಗು ಹರಿಯಿತು. ರೌಶನ್ ಎಜೆ ಕಣ್ಣು ಒರೆಸಿಕೊಂಡರು, ಗಾಳಿಗೆ ಮರಳು ಬಿತ್ತು ಎಂದರು. ನಟನಿಗೆ ಬಿಸಿ ಚಹಾ ಕುಡಿಸಿ, ಮತ್ತೆ ಮೊದಲಿನಿಂದ ಎಂದರು. ಈ ಸಲ ಆ ಇಬ್ಬರನ್ನು ಮೈಕಿನಿಂದ ದೂರ, ದಿಬ್ಬದ ಮೇಲೆ ನಿಲ್ಲಿಸಿದರು.

ಅಲ್ಲಿಂದ ಬೊಜೊಯ್ ಚಿಕ್ಕದಾಗಿ ಕಾಣುತ್ತಿದ್ದ. ಅವನು ನೀರಿಗಿಳಿದು, ಒಮ್ಮೆ ತಿರುಗಿ ನೋಡಿ, ಮರೆಯಾದ. ಸುತ್ತಲಿನವರೆಲ್ಲ ಮೂಗು ಒರೆಸಿಕೊಂಡರು. ಬುರುಲ್ ಮಾತ್ರ ಅಳಲಿಲ್ಲ. ಅವಳ ಕೈಯನ್ನು ಎರ್ಮೆಕ್ ತನ್ನ ಕೋಟಿನ ಜೇಬಿನೊಳಗೆ, ಮಡಚಿಟ್ಟ ಆ ಹಾಳೆಗಳ ಜೊತೆ, ಬೆಚ್ಚಗೆ ಹಿಡಿದುಕೊಂಡಿದ್ದ.