ಔಷಧಿ ಹಾಕದ ತಟ್ಟೆ

ಬೆಳಿಗ್ಗೆ ಹೊದಿಕೆ ಹಿಂಡುತ್ತಿದ್ದೆ. ಬಾಗಿಲ ಬೆಲ್ ಆಯಿತು. ಒದ್ದೆ ಕೈಯಲ್ಲೇ ತೆರೆದರೆ ಮೇಲಿನ ಮನೆಯ ವಿಜ್ಞಾನಿ. ಎಂಟು ದಿನದಿಂದ ಮುಖ ತೋರಿಸಿರಲಿಲ್ಲ.

“ಏನು, ದಾರಿ ತಪ್ಪಿ ಬಂದ್ರಾ?” ಅಂದೆ.

ಅವರು ನಗಲಿಲ್ಲ. ಕನ್ನಡಕದ ಹಿಂದೆ ಕಣ್ಣು ಕೆಂಪಾಗಿತ್ತು. ಒಳಗೆ ಕರೆದು, ಏನು ಮಾತಾಡುವುದೆಂದು ತಿಳಿಯದೆ, ಹೊದಿಕೆಯ ಇನ್ನೊಂದು ತುದಿ ಅವರ ಕೈಗಿಟ್ಟೆ. ನಾನು ತಿರುಗಿಸಿದ ಕಡೆಗೇ ಅವರೂ ತಿರುಗಿಸಿದರು. ಒಂದು ಹನಿಯೂ ಬೀಳಲಿಲ್ಲ.

“ಅಯ್ಯೋ, ಆ ಕಡೆ ತಿರುಗಿಸಿ ಸಾರ್! ಇಷ್ಟೆಲ್ಲಾ ಓದಿದ್ದೀರಿ!”

“ಇದನ್ನ ಯಾರೂ ಕಲಿಸ್ಲಿಲ್ಲ.” ತುಟಿಯಂಚಿನಲ್ಲಿ ನಗು ಇಣುಕಿತು. ನಾನು ನೋಡಿದೆನೆಂದು ಗೊತ್ತಾಗಿ ಓಡಿಹೋಯಿತು.

ನನ್ನ ಒಂಬತ್ತು ವರ್ಷದ ಮಗಳಿಗೆ ಎದ್ದ ಕೂಡಲೇ ಮಂಡಿ ಊದಿ ಬಿಗಿದಿರುತ್ತದೆ. ಅದೇ ಉರಿಯೂತದ ಮೇಲೆ ಇವರ ಸಂಶೋಧನೆ. “ಒಂದು ಜೀವಕೋಶ ‘ಬೆಂಕಿ, ಬೆಂಕಿ’ ಅಂತ ಕೂಗುತ್ತೆ, ಉಳಿದವು ಓಡಿ ಬರ್ತವೆ. ಬೆಂಕಿ ಇಲ್ಲದಿದ್ರೂ ಕೂಗು ನಿಲ್ಲಲ್ಲ ನೋಡು, ಅದೇ ನಿನ್ನ ಮಂಡಿ ತಂಟೆ” ಎಂದು ವರ್ಷದ ಹಿಂದೆ ಮೆಟ್ಟಿಲ ಮೇಲೆ ಕೂತು ಅವಳಿಗೆ ಹೇಳಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಬಂದು ಮಂಡಿ ವಿಚಾರಿಸುತ್ತಿದ್ದರು. ಆಮೇಲೆ ಕಾಫಿ. ಹೊರಡುವ ಮುಂಚೆ ನನ್ನ ಕಡೆಗೊಂದು ನೋಟ.

ಗಂಡ ತೀರಿಕೊಂಡ ಮೇಲಿನ ಆರು ವರ್ಷದಲ್ಲಿ ನಾನು ಯಾರಿಗೂ ಕಾದವಳಲ್ಲ. ಆ ನೋಟಕ್ಕೆ ಕಾಯುತ್ತಿದ್ದೆ. ಬರುವುದು ಮಂಡಿಗಾಗಿಯೋ, ನನಗಾಗಿಯೋ ಎಂದು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

“ಲ್ಯಾಬಲ್ಲಿ ಎಲ್ಲಾ ಕೆಟ್ಟೋಯ್ತು,” ಅಂದರು. “ಔಷಧಿ ಹಾಕಿದ ತಟ್ಟೇಲಿ ಜೀವಕೋಶಗಳ ಕೂಗು ನಿಂತಿದೆ ಅಂತ ಕುಣಿದಾಡಿದ್ದೆ. ಔಷಧಿ ಹಾಕದೆ, ಅದನ್ನ ಕರಗಿಸೋ ದ್ರವ ಮಾತ್ರ ಹಾಕಿದ ತಟ್ಟೇಲೂ ಅಷ್ಟೇ ನಿಂತಿದೆ. ಅಂದ್ರೆ ನಿಲ್ಲಿಸಿದ್ದು ಔಷಧಿಯಲ್ಲ. ಅದನ್ನ ಮೊದಲೇ ನೋಡ್ಬೇಕಿತ್ತು. ವರ್ಷದ ಕೆಲಸ ಮಣ್ಣುಪಾಲು.”

“ಅದಕ್ಕೆ ಎಂಟು ದಿನ ನಾಪತ್ತೆ?”

“ಯಾವ ಮುಖ ಇಟ್ಕೊಂಡು ಬರ್ಲಿ? ಪುಟ್ಟಿಗೆ ಏನಂತ ಹೇಳ್ಲಿ?”

“ಕಾಫಿ ಕುಡಿಯೋಕೂ ಬೇರೆ ಮುಖ ಬೇಕಾ?”

ಹಿಂಡಿದಷ್ಟೂ ಹೊದಿಕೆ ಗಿಡ್ಡವಾಗುತ್ತಿತ್ತು. ನಡುವೆ ಈಗ ಒಂದೇ ಹೆಜ್ಜೆ.

“ಔಷಧಿ ಸಿಗೋವರೆಗೂ ಬರಲ್ಲ ಅಂತ ಶಪಥ ಮಾಡಿದ್ದೆ,” ಅಂದರು ಮೆಲ್ಲಗೆ. “ಎಂಟೇ ದಿನಕ್ಕೆ ಸೋತೆ.”

“ಯಾರಿಗೆ?”

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಈ ಸಲ ನೋಟ ವಾಪಸ್ ತೆಗೆದುಕೊಳ್ಳಲಿಲ್ಲ. ನನ್ನ ಕಿವಿ ಬಿಸಿಯಾಯಿತು.

ಗೋಡೆ ಹಿಡಿದುಕೊಂಡು ಮಗಳು ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಎಂಟು ದಿನದಿಂದ ಏನೋ ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ನುಂಗಿಕೊಳ್ಳುತ್ತಿದ್ದ ಹುಡುಗಿ. ಇವತ್ತು ನನ್ನ ಕಡೆ ನೋಡಲೇ ಇಲ್ಲ.

“ಅಂಕಲ್, ನನ್ನ ಮಂಡಿ ವಾಸಿ ಆದ್ರೂ, ಆಗದಿದ್ರೂ, ನೀವು ಅಮ್ಮನಿಗೋಸ್ಕರ ಬರ್ತೀರಾ?”