ಟ್ರಾಸ್ಕನ ಕೋಟು, ನನ್ನ ಕತ್ತರಿ

ವೆಂಡೆಲ್ ಟ್ರಾಸ್ಕ್ ಮೊದಲ ಸಲ ನನ್ನ ಹೊಲಿಗೆ ಕೋಣೆಗೆ ಬಂದವನೇ ಮಾಡಿದ ಕೆಲಸವೆಂದರೆ, ನನ್ನ ಕತ್ತರಿ ಎತ್ತಿಕೊಂಡು ರಟ್ಟಿನ ಪೆಟ್ಟಿಗೆಯ ಟೇಪ್ ಕತ್ತರಿಸಲು ಹೊರಟದ್ದು.

"ಏಯ್! ಇಡ್ರೀ ಅದನ್ನ ಕೆಳಗೆ!"

ಆರೂವರೆ ಅಡಿ ಆಳು ಬೆಚ್ಚಿಬಿದ್ದ. "ಕತ್ತರಿ ಅಲ್ವಾ ಮೇಡಂ ಇದು?"

"ಬಟ್ಟೆ ಕತ್ತರಿ. ಅಂಟು ಹತ್ತಿದ್ರೆ ಅಲಗು ಹಾಳು. ನಮ್ಮಮ್ಮ ಕೇಳಿದ್ರೂ ಕೊಡ್ತಿರ್ಲಿಲ್ಲ ನಾನು."

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟ. ಆಮೇಲೆ ಓರೆಗಣ್ಣಲ್ಲಿ ನನ್ನನ್ನು ನೋಡಿ ನಕ್ಕ. ನನಗಾಗ ಐವತ್ತೊಂದು. ಆ ವಯಸ್ಸಿನಲ್ಲಿ ಕಿವಿ ಬಿಸಿಯಾಗುವುದು ಮರ್ಯಾದೆಯಲ್ಲ. ಆದರೂ ಆಯಿತು.

ಈರಿ ಸರೋವರದ ದಡದ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹತ್ತೊಂಬತ್ತು ವರ್ಷದಿಂದ ನಾನೇ ಹೊಲಿಗೆಯವಳು. ಆಟಗಾರರ ಅಂಗಿಗೆ ಹೆಸರು ಹೊಲಿಯುತ್ತೇನೆ, ಅವರು ಹೋದ ಮೇಲೆ ಬಿಚ್ಚುತ್ತೇನೆ. ಕೋಚ್‌ಗಳ ಚಳಿಗಾಲದ ಕೋಟಿಗೂ ಎದೆಯ ಮೇಲೆ ಹೆಸರಿರುತ್ತದೆ. ಕೊನೆಯ ಪಂದ್ಯದ ಮರುದಿನ, ಸೋಮವಾರ ಬೆಳಿಗ್ಗೆ, ಯಾರ ಹೆಸರು ಬಿಚ್ಚಬೇಕು ಎಂಬ ಪಟ್ಟಿ ನನ್ನ ಮೇಜಿಗೆ ಬರುತ್ತದೆ. ಕೋಟು ಉಳಿಯುತ್ತದೆ, ಮನುಷ್ಯ ಹೋಗುತ್ತಾನೆ.

ವೆಂಡೆಲ್ ಸಹಾಯಕ ಕೋಚ್. ಮುಂದಿನ ಸಾಲಿನಲ್ಲಿ ನಿಂತು ಗುದ್ದಾಡುವ ಐವರು ದಢೂತಿ ಆಟಗಾರರಿಗೆ ಹೆಜ್ಜೆ ಇಡುವುದನ್ನು ಕಲಿಸುವವನು. ಮೊದಲು ಹೈಸ್ಕೂಲಿನಲ್ಲಿ ಕಲಿಸಿದ. ಆಮೇಲೆ ಕಾಲೇಜೊಂದರಲ್ಲಿ ಸಂಬಳವಿಲ್ಲದೆ ಆಟದ ವಿಡಿಯೋ ಜೋಡಿಸುತ್ತ ಆಫೀಸಿನ ಸೋಫಾದ ಮೇಲೆ ಮಲಗಿದ. ಹಾಗೇ ಒಂದೊಂದು ಮೆಟ್ಟಿಲು ಹತ್ತುತ್ತ ಇಪ್ಪತ್ತೆರಡು ವರ್ಷದಲ್ಲಿ ಒಂಬತ್ತು ಊರು ನೋಡಿದ. ಪ್ರಧಾನ ಕೋಚ್‌ನನ್ನು ತೆಗೆದರೆ ಸಹಾಯಕರೂ ಅವನ ಹಿಂದೆಯೇ ಹೊರಡಬೇಕು, ಈ ವೃತ್ತಿಯಲ್ಲಿ ಅದೇ ರೂಢಿ. ಆರನೇ ಊರಿನಲ್ಲಿ ಅವನ ಹೆಂಡತಿ "ಇನ್ನು ಪೆಟ್ಟಿಗೆ ಕಟ್ಟಲ್ಲ" ಎಂದು ಅಲ್ಲೇ ಉಳಿದುಬಿಟ್ಟಳಂತೆ.

ಅವನ ಬಾಡಿಗೆ ಮನೆಗೆ ಮೊದಲ ಸಲ ಹೋದಾಗ ಗೋಡೆಯುದ್ದಕ್ಕೂ ಟೇಪ್ ಸುತ್ತಿದ ಪೆಟ್ಟಿಗೆಗಳು. ಬಂದು ಒಂದು ವರ್ಷವಾದರೂ ಒಂದನ್ನೂ ಬಿಚ್ಚಿರಲಿಲ್ಲ. ಕಾಫಿಯನ್ನು ಕಾಗದದ ಲೋಟದಲ್ಲಿ ಕೊಟ್ಟ.

"ಇದೇನು ಮನೆಯಾ, ಗೋದಾಮಾ?"

"ಬಿಚ್ಚಿದ ವರ್ಷವೇ ತೆಗೆದುಹಾಕ್ತಾರೆ ಬರ್ನಡೀನ್. ಮೂರು ಸಲ ನೋಡಿದ್ದೀನಿ."

"ಹೋಗುವಾಗ ನನಗೆ ಹೇಳಿ ಹೋಗ್ತೀಯೋ, ಇಲ್ವೋ?"

ಅವನು ಕಿಟಕಿಯ ಕಡೆ ನೋಡಿದ. ಎದ್ದು ನನ್ನ ಲೋಟಕ್ಕೆ ಮತ್ತೆ ಕಾಫಿ ಸುರಿದ. ಅವತ್ತು ಹೊಕ್ಕ ಹೆದರಿಕೆ ಮತ್ತೆ ಹೋಗಲಿಲ್ಲ. ಅವನು ನಕ್ಕಾಗ, ನನ್ನ ಹೆಗಲಿಗೆ ಹತ್ತಿದ ದಾರದ ಎಳೆಯನ್ನು ಎರಡು ಬೆರಳಲ್ಲಿ ತೆಗೆಯುವಾಗ, ಆ ಸುಖದ ಕೆಳಗೆ ಅದು ಕೂತೇ ಇರುತ್ತಿತ್ತು.

ಈ ವರ್ಷ ಹನ್ನೊಂದು ಪಂದ್ಯ ಸೋತೆವು. ಇನ್ನೊಂದು ಉಳಿದಿತ್ತು. ಶನಿವಾರ ವೆಂಡೆಲ್ ಕೋಟು ತಂದ. ಎದೆಯ ಮೇಲಿನ ಹೆಸರಿನ ಬಟ್ಟೆಯ ಅಂಚು ಎದ್ದಿತ್ತು.

"ನಾಳೆ ಸೋತರೆ ನೀನೇ ಬಿಚ್ಚಬೇಕು. ಸುಮ್ಮನೆ ಯಾಕೆ ಎರಡು ಕೆಲಸ?" ಎಂದ. ಬಾಯಿ ನಗುತ್ತಿತ್ತು, ಕಣ್ಣು ನಗಲಿಲ್ಲ.

"ಬಾಯಿ ಮುಚ್ಕೊಂಡು ಕೊಡು."

ಒಂದು ಸುತ್ತು ಸಾಕಿದ್ದ ಕಡೆ ಮೂರು ಸುತ್ತು ಹೊಲಿದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿಯನ್ನು ಹೆಸರಿನ ಮೇಲೆ ಒತ್ತಿ ಹಿಡಿದೆ. ತೆಗೆದು ಮತ್ತೆ ಒತ್ತಿದೆ, ಯಾರೂ ಕೀಳಲಾಗದ ಹಾಗೆ.

ಭಾನುವಾರ ಸೋತೆವು.

ಸೋಮವಾರ ಏಳು ಗಂಟೆಗೆ ನಮ್ಮ ಸಾಮಾನು ಕೋಣೆಯ ಯಜಮಾನ ಓರ್ವಿಲ್ ಪಟ್ಟಿ ಹಿಡಿದು ಬಂದ.

"ಬರ್ನಿ, ಕೂತ್ಕೋ."

"ನಿಂತೇ ಓದ್ತೀನಿ. ಕೊಡು."

ಮೊದಲ ಹೆಸರು ಪ್ರಧಾನ ಕೋಚ್‌ನದು. ಅದರ ಕೆಳಗೆ ಹನ್ನೊಂದು. ಬೆರಳಿಟ್ಟು ಓದಿದೆ, ಸಾಲು ತಪ್ಪಿತು, ಮತ್ತೆ ಮೇಲಿನಿಂದ ಓದಿದೆ. ಟ್ರಾಸ್ಕ್ ಇರಲಿಲ್ಲ.

"ಅವನ ಸಾಲಿನ ಐದೂ ಹುಡುಗರು ತಂಡದ ಮಾಲೀಕನ ಮನೆಗೇ ಹೋಗಿ ಕೂತರಂತೆ, ಇವನನ್ನ ಬಿಡಬೇಡಿ ಅಂತ" ಎಂದ ಓರ್ವಿಲ್. "ಆದರೆ ಅವನೆಲ್ಲಿ? ಬೆಳಿಗ್ಗೆಯಿಂದ ಬಂದಿಲ್ಲ. ಫೋನೂ ಎತ್ತುತ್ತಿಲ್ಲ."

ದಿನವೂ ಐದಕ್ಕೆ ಬರುವವನು.

ಏಪ್ರನ್ ಕೂಡ ಬಿಚ್ಚದೆ, ಪಟ್ಟಿ ಹಿಡಿದೇ ಕಾರು ಹತ್ತಿದೆ. ಹಿಮದಲ್ಲಿ ಎರಡು ಸಲ ಚಕ್ರ ಜಾರಿತು. ಆ ಮನೆ ಖಾಲಿಯಾಗಿರುತ್ತದೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

ಬಾಗಿಲ ಮುಂದೆ ಅವನ ಟ್ರಕ್ ನಿಂತಿತ್ತು. ಹಿಂಭಾಗ ತೆರೆದು ಅರ್ಧ ಪೆಟ್ಟಿಗೆ ತುಂಬಿದ್ದ. ಅಡುಗೆಮನೆಯ ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದವನು ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ಎಲ್ಲಿಗೆ?"

"ಅಕ್ಕನ ಮನೆಗೆ. ಟೆನೆಸ್ಸೀಗೆ." ಅವನ ದನಿ ಒಣಗಿತ್ತು. "ಮೈದಾನದ ಬಾಗಿಲು ತೆಗೀಲಿಲ್ಲ ಬರ್ನಡೀನ್. ಕಾರ್ಡ್ ಹಿಡಿದೆ, ಕೆಂಪು ದೀಪ. ನಾಲ್ಕು ಸಲ. ಹಿಂದಿನ ಎರಡೂರಲ್ಲಿ ಕೆಲಸ ಹೋಯ್ತು ಅಂತ ಹೀಗೇ ಗೊತ್ತಾಗಿದ್ದು."

"ಕಾವಲಿನವನನ್ನ ಕೇಳೋಕೇನು ರೋಗ?"

"ಒಂದ್ಸಲ ಕೇಳಿದ್ದೆ. ಅವನು ನೆಲ ನೋಡ್ತಾ ನಿಂತ. ಇನ್ನೊಂದ್ಸಲ ಅದನ್ನ ನೋಡಲಾರೆ."

"ನನಗೂ ಹೇಳದೆ ಹೊರಟೆ?"

"ಕಾಗದ ಬರೆದಿದ್ದೆ." ಜೇಬು ಮುಟ್ಟಿಕೊಂಡ. "ಬಾ ಅಂತ ಕೇಳಿದ್ರೆ ನೀನು ಇಲ್ಲ ಅಂತೀಯ. ಆ ಮಾತು ಕೇಳಿಸ್ಕೊಂಡು ಅಷ್ಟು ದೂರ ಗಾಡಿ ಓಡಿಸೋಕೆ ನನ್ನಿಂದ ಆಗಲ್ಲ."

"ಕೇಳಿದ್ಯಾ?"

"ಇಲ್ಲ."

"ಮತ್ತೆ ನನ್ನ ಉತ್ತರ ನಿನಗೆ ಹೇಗೆ ಗೊತ್ತು, ಗೂಬೆ? ಎಲ್ಲಿ ಆ ಕಾರ್ಡು, ಕೊಡಿಲ್ಲಿ!"

ಕೊಟ್ಟ. ಒಣಗಿದ ಎಲೆಯ ಹಾಗೆ ಸೊಟ್ಟಗಾಗಿತ್ತು. ಒಂದು ಮೂಲೆ ಕರಗಿತ್ತು.

"ಇದನ್ನ ಎಲ್ಲಿಟ್ಟಿರ್ತೀಯ?"

"ಕೋಟಿನ ಎದೆ ಜೇಬಲ್ಲಿ. ಹೆಸರಿನ ಹಿಂದೆ. ನಿನ್ನೆ ಪಂದ್ಯ, ಬಾಗಿಲು ತೆರೆದೇ ಇತ್ತು, ಹೊರಗೆ ತೆಗೀಲೇ ಇಲ್ಲ."

ಶನಿವಾರದ ಇಸ್ತ್ರಿ ನೆನಪಾಯಿತು. ಹೆಸರು ಕಿತ್ತುಬರಬಾರದೆಂದು ಅಷ್ಟು ಹೊತ್ತು ಒತ್ತಿದವಳು ನಾನೇ. ಹೆದರಿದವನ ಕಣ್ಣಿಗೆ ಕೆಂಪು ದೀಪ ಕಂಡಿತ್ತೇ ಹೊರತು ಕೈಯಲ್ಲಿದ್ದ ಕಾರ್ಡ್ ಕಂಡಿರಲಿಲ್ಲ.

"ನನ್ನ ಇಸ್ತ್ರಿ ಸುಟ್ಟಿದ್ದು ಈ ಕಾರ್ಡನ್ನ" ಎಂದು ಪಟ್ಟಿಯನ್ನು ಅವನ ಮುಖಕ್ಕೆ ಹಿಡಿದೆ. "ಓದು. ನಿನ್ನ ಹೆಸರಿಲ್ಲ."

ಅವನು ತುಟಿ ಅಲುಗಿಸುತ್ತ ಓದಿದ. ಪೆಟ್ಟಿಗೆಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ನಾನೂ ಕೂತೆ. ಅವನ ಕೈ ಹಿಮಕ್ಕಿಂತ ತಣ್ಣಗಿತ್ತು.

"ಹೊಸ ಪ್ರಧಾನ ಕೋಚ್ ಬರ್ತಾನೆ" ಎಂದ. "ತನ್ನ ಜನರನ್ನೇ ತರ್ತಾನೆ. ಎರಡು ವಾರ, ಮೂರು ವಾರ. ಆಮೇಲೆ?"

"ಗೊತ್ತಿಲ್ಲ. ನನಗೂ ಹೆದರಿಕೆಯೇ. ಹುಟ್ಟಿದಾಗಿಂದ ಈ ಊರು ಬಿಟ್ಟವಳಲ್ಲ ನಾನು." ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ. "ಈಗ ಕೇಳು, ಕೇಳದೆ ಬಿಟ್ಟಿದ್ದನ್ನ."

ಗಲ್ಲದ ಮೇಲಿದ್ದ ನನ್ನ ಕೈಯನ್ನು ಅವನು ಎರಡೂ ಕೈಯಲ್ಲಿ ಹಿಡಿದ.

"ಹತ್ತನೇ ಊರು ಅಂತ ಒಂದಾದ್ರೆ... ಬರ್ತೀಯಾ?"

ಏಪ್ರನ್ ಜೇಬಿಗೆ ಕೈ ಹಾಕಿ ಕತ್ತರಿ ತೆಗೆದೆ. ಅಲಗನ್ನು ಪೆಟ್ಟಿಗೆಯ ಟೇಪಿನ ಮೇಲಿಟ್ಟೆ.

"ಬರ್ನಡೀನ್! ಅದು ಬಟ್ಟೆ ಕತ್ತರಿ!"

"ಗೊತ್ತು. ಬರ್ತೀನಿ."

ಟೇಪ್ ಸರ್ರನೆ ಸೀಳಿಹೋಯಿತು. ಅಲಗಿನ ಉದ್ದಕ್ಕೂ ಅಂಟು ಹತ್ತಿತು. ಒಳಗೆ ಆರನೇ ಊರಿನ ಹಳೇ ಪೇಪರಿನಲ್ಲಿ ಸುತ್ತಿಟ್ಟ ಪಿಂಗಾಣಿ ಲೋಟಗಳು. ಎರಡನ್ನು ಹೊರಗೆ ತೆಗೆದೆ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅವನ ಮುಖ ಬಿಳಿಚಿತು.

"ಎತ್ತು" ಎಂದೆ. "ಯಾರಾದರೂ ಆಗಲಿ. ನಾನು ಕಾಫಿಗೆ ನೀರಿಡ್ತೀನಿ."